ಮುಗಿಯದ ಗ್ರಂಥ, ಬಾರದ ನಿದ್ರೆ

ಶ್ರಾವಣ ಮಾಸದಲ್ಲಿ ಗ್ರಂಥವೊಂದನ್ನು ಓದಿ ಮುಗಿಸುವ ಸಂಕಲ್ಪ ಮಾಡುವವರು ನಮ್ಮಲ್ಲಿ ಅನೇಕರು. ಸಂಕಲ್ಪ ಈಡೇರದಿದ್ದಾಗ ಆಗುವ ಸಂಕಟವನ್ನು ಮಾತ್ರ ಯಾರೂ ವೈದ್ಯನಲ್ಲಿ ಹೇಳಿಕೊಳ್ಳುವುದಿಲ್ಲ. ಎದೆಯುರಿ ಎಂದೋ ನಿದ್ರೆಯಿಲ್ಲವೆಂದೋ ಹೇಳುತ್ತಾರೆ.

ಯಲಹಂಕ ಉಪನಗರದ 68 ವರ್ಷದ ತಾಯಿಯೊಬ್ಬರು, ನಿವೃತ್ತ ಶಿಕ್ಷಕಿ, ಹೀಗೆಯೇ ಬಂದರು. ಮೂರು ವಾರಗಳಿಂದ ನಿದ್ರೆಯಿಲ್ಲ, ಊಟ ಸೇರದು. ಶೂನ್ಯಸಂಪಾದನೆಯನ್ನು ಶ್ರಾವಣದೊಳಗೆ ಓದಿ ಮುಗಿಸುವೆನೆಂದು ಹೊರಟವರು ಮೂರನೆಯ ಒಂದು ಪಾಲಿನಲ್ಲಿ ನಿಂತಿದ್ದರು. ರಾತ್ರಿ ಒಂದು ಗಂಟೆಯವರೆಗೆ ಕುಳಿತರೂ ಓದಿದ ಪುಟವನ್ನೇ ಮತ್ತೆ ಓದುತ್ತಿದ್ದರು. ಇಷ್ಟಲಿಂಗಪೂಜೆಗೆ ಕುಳಿತಾಗ ಆ ಗ್ರಂಥದತ್ತ ನೋಡಲು ನಾಚಿಕೆಯಾಗುತ್ತದೆಂದರು. ಕೊನೆಗೆ ಧ್ವನಿ ತಗ್ಗಿಸಿ, "ಡಾಕ್ಟ್ರೇ, ನಮ್ಮ ತಾಯಿಗೆ ಮರೆವಿನ ಕಾಯಿಲೆ ಇತ್ತು. ನನಗೂ ಅದೇ ಶುರುವಾಯಿತೇ?" ಎಂದು ಕೇಳಿದರು. ನಿದ್ರೆ ಕೆಡಿಸಿದ್ದು ಈ ಭಯ.

ಶೂನ್ಯಸಂಪಾದನೆ ಸುಲಭದ ಓದಲ್ಲ. ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಮುಂದಿನ ಕಾಲದ ನಾಲ್ವರು ಸಂಪಾದಕರು ಬೇರೆಬೇರೆಯಾಗಿ ಸಂವಾದರೂಪದಲ್ಲಿ ಹೆಣೆದರು. ಗೂಳೂರು ಸಿದ್ಧವೀರಣ್ಣೊಡೆಯರದು ಅವುಗಳಲ್ಲೊಂದು. ಷಟ್‌ಸ್ಥಲದ ಪರಿಭಾಷೆ, ಅಲ್ಲಮಪ್ರಭುಗಳ ಬೆಡಗು, ಇವು ವಿದ್ವಾಂಸರನ್ನೂ ನಿಲ್ಲಿಸುತ್ತವೆ. ಅಲ್ಲಿ ತಡೆದು ನಿಂತದ್ದು ರೋಗಲಕ್ಷಣವಲ್ಲ. ಆದರೆ ನಿತ್ಯದ ಪತ್ರಿಕೆ ಅರ್ಥವಾಗದಿದ್ದರೆ, ಪರಿಚಿತ ದಾರಿ ತಪ್ಪಿದರೆ, ಮನೆಯ ಲೆಕ್ಕ ಹಿಡಿತಕ್ಕೆ ಸಿಗದಿದ್ದರೆ ತಡಮಾಡದೆ ನರರೋಗ ತಜ್ಞರನ್ನು ಕಾಣಬೇಕು. ಥೈರಾಯ್ಡ್, ಬಿ12, ರಕ್ತಹೀನತೆಗಳ ಪರೀಕ್ಷೆಯೂ ಅಗತ್ಯ. ಇವುಗಳಿಂದ ಉಂಟಾಗುವ ಮರೆವಿಗೆ ಚಿಕಿತ್ಸೆಯುಂಟು. ಈ ತಾಯಿಯಲ್ಲಿ ಅಂಥದ್ದೇನೂ ಇರಲಿಲ್ಲ. ಕನ್ನಡಕ ಮಾತ್ರ ನಾಲ್ಕು ವರ್ಷ ಹಳೆಯದು, ಒಂದು ಕಣ್ಣಿನಲ್ಲಿ ಪೊರೆ ಆರಂಭವಾಗಿತ್ತು! ಗ್ರಂಥ ಕಠಿಣವೆನ್ನುವವರನ್ನು ನಾನು ಮೊದಲು ಕೇಳುವುದು ಕನ್ನಡಕದ ವಯಸ್ಸನ್ನೇ.

ಅತಿಯಾದ ಚಿಂತೆಯಿಂದ ರಸವಹ ಸ್ರೋತಸ್ಸು ಕೆಡುವುದೆಂದು ಚರಕಸಂಹಿತೆ ಹೇಳುತ್ತದೆ. ಅನ್ನದಲ್ಲಿ ಅರುಚಿ, ಮೈಭಾರ ಅದರ ಗುರುತು. ರಾತ್ರಿ ಜಾಗರಣೆ ರೂಕ್ಷತೆಯನ್ನು ಹೆಚ್ಚಿಸಿ ವಾತವನ್ನು ಕೆರಳಿಸುತ್ತದೆ. ಕೆರಳಿದ ವಾತಕ್ಕೆ ಗ್ರಹಣಶಕ್ತಿಯೂ ಚಂಚಲವಾಗುತ್ತದೆ. ಅರ್ಥವಾಗಲಿಲ್ಲವೆಂದು ನಿದ್ರೆಗೆಟ್ಟವರಿಗೆ ಮರುದಿನ ಇನ್ನೂ ಕಡಿಮೆ ಅರ್ಥವಾಗುವುದು ಇದರಿಂದಲೇ.

ಆದ್ದರಿಂದ ರಾತ್ರಿಯ ಓದನ್ನು ನಿಲ್ಲಿಸಿದೆ. ಮಲಗುವ ಮುನ್ನ ಅಂಗಾಲಿಗೆ ಬೆಚ್ಚಗಿನ ಎಳ್ಳೆಣ್ಣೆ, ಬಿಸಿಹಾಲಿಗೆ ಚಿಟಿಕೆ ಜಾಯಿಕಾಯಿ. ಬೆಳಗಿನ ಪೂಜೆಯ ನಂತರ ಅರ್ಧ ಗಂಟೆ ಮಾತ್ರ ಓದು, ಅದೂ ಒಂದೇ ಪ್ರಸಂಗ. ಅಣ್ಣ ಅಜಗಣ್ಣನನ್ನು ಕಳೆದುಕೊಂಡ ಮುಕ್ತಾಯಕ್ಕನ ದುಃಖವನ್ನು ಪ್ರಭುಗಳು ಎದುರುಗೊಳ್ಳುವ ಭಾಗವನ್ನು ಸೂಚಿಸಿದೆ; ಅದಕ್ಕೆ ಹಿಂದಿನ ಪುಟಗಳ ಪಾಂಡಿತ್ಯ ಬೇಕಿಲ್ಲ. ಜ್ಞಾಪಕಶಕ್ತಿಗೆಂದು ಯಷ್ಟಿಮಧುವನ್ನು ತಾವಾಗಿ ಸೇವಿಸುವವರಿದ್ದಾರೆ. ಮೇಧ್ಯ ರಸಾಯನಗಳಲ್ಲಿ ಅದೂ ಒಂದು ನಿಜ, ಆದರೆ ರಕ್ತದೊತ್ತಡವಿದ್ದವರಿಗೆ ಅಪಾಯಕಾರಿ.

ಸಂಕಲ್ಪಭಂಗದ ಅಳುಕು ಮಾತ್ರ ಉಳಿದಿತ್ತು. ನನ್ನ ಶಾಸ್ತ್ರದ ಮೂಲಗ್ರಂಥದ ವಿಷಯ ಹೇಳಿದೆ. 120 ಅಧ್ಯಾಯಗಳ ಚರಕಸಂಹಿತೆಯಲ್ಲಿ ಚಿಕಿತ್ಸಾಸ್ಥಾನದ 17 ಅಧ್ಯಾಯಗಳೂ ಕಲ್ಪ, ಸಿದ್ಧಿ ಸ್ಥಾನಗಳೂ ದೊರೆಯದೆ, ಮುಂದೆ ದೃಢಬಲನು ಅದನ್ನು ಪೂರೈಸಿದನು. ಅದರ ವಿಮಾನಸ್ಥಾನದ 44 ವಾದಮಾರ್ಗಗಳನ್ನು ನಾನು ಪರೀಕ್ಷೆಗೆಂದು ಬಾಯಿಪಾಠ ಮಾಡಿದೆನೇ ಹೊರತು, ಅರ್ಥವಾಗತೊಡಗಿದ್ದು ಇಪ್ಪತ್ತು ವರ್ಷ ವೈದ್ಯವೃತ್ತಿ ನಡೆಸಿದ ಮೇಲೆ. ಅವರು ಮೊದಲ ಬಾರಿಗೆ ನಕ್ಕರು.

ಎರಡು ತಿಂಗಳ ಮೇಲೆ ಬಂದಾಗ ಹೊಸ ಕನ್ನಡಕವಿತ್ತು, ನಿದ್ರೆ ಆರು ಗಂಟೆಗೆ ಬಂದಿತ್ತು. ಗ್ರಂಥ ಎಲ್ಲಿಗೆ ಬಂತೆಂದು ಕೇಳಿದೆ. "ಮುಕ್ತಾಯಕ್ಕನ ಹತ್ತಿರವೇ ಇದ್ದೇನೆ" ಎಂದರು.