ನಿಮ್ಮ ಹೆಸರಲ್ಲಿ ಬೇರೆಯವರ ಇಮೇಲ್

ಗಾಬರಿಯಾಗಬೇಡಿ ಮೇಡಂ. ನಿಮ್ಮ ಅಂಗಡಿಯ ವಿಳಾಸದಿಂದ ಗ್ರಾಹಕರಿಗೆ ನಕಲಿ ಬಿಲ್ ಹೋದಮಾತ್ರಕ್ಕೆ ಖಾತೆ ಕಳ್ಳರ ಪಾಲಾಯಿತು ಎಂದಲ್ಲ. ಅಂಚೆ ಲಕೋಟೆಯ ಮೇಲೆ ಯಾರ ಹೆಸರನ್ನಾದರೂ ಬರೆದು ಡಬ್ಬಕ್ಕೆ ಹಾಕಬಹುದಲ್ಲ, ಇದೂ ಹಾಗೆಯೇ. ಇಮೇಲ್ ಸಾಗಿಸುವ 1982ರ ಎಸ್‌ಎಂಟಿಪಿ ನಿಯಮದಲ್ಲಿ ಕಳಿಸಿದವರು ಯಾರೆಂದು ಪರೀಕ್ಷಿಸುವ ವ್ಯವಸ್ಥೆಯೇ ಇರಲಿಲ್ಲ. ಆದರೂ ಪಾಸ್‌ವರ್ಡ್ ಬದಲಿಸಿಬಿಡಿ.

ಇಂಥ ನಕಲಿ ತಡೆಯಲು ನಿಮ್ಮ ಡೊಮೇನ್‌ನ ಡಿಎನ್‌ಎಸ್‌ನಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ದಾಖಲೆಗಳನ್ನು ಹಾಕಿಸಿ. ಮೊದಲೆರಡು ಅಸಲಿ ಮೇಲ್ ಗುರುತಿಸಲು. ನಕಲಿಯನ್ನು ಏನು ಮಾಡಬೇಕೆಂದು ಹೇಳುವುದು ಡಿಮಾರ್ಕ್. ಬಹಳ ಮಂದಿ ಎಡವುವುದು ಇಲ್ಲೇ: ಡಿಮಾರ್ಕ್ ನೀತಿಯನ್ನು ‘ನನ್’ (none) ಎಂದಿಟ್ಟು ಮರೆತುಬಿಡುತ್ತಾರೆ. ಅದು ಏನನ್ನೂ ತಡೆಯುವುದಿಲ್ಲ. ಕೆಲವು ವಾರ ಡಿಮಾರ್ಕ್ ವರದಿ ನೋಡಿ, ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಕಳಿಸುವ ಮೇಲ್ ಕೂಡ ಪಾಸಾಗುತ್ತಿದೆ ಎಂದು ಖಚಿತವಾದ ಮೇಲೆ ‘ರಿಜೆಕ್ಟ್’ಗೆ ಬದಲಿಸಿ. ಗ್ರಾಹಕರು ಯಾರಾದರೂ ದುಡ್ಡು ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಲು ಹೇಳಿ.