ಗುಂಪು ಸಮಾಲೋಚನೆಯಿಂದ ಗ್ರಾಮಸ್ಥಿತಿಯನ್ನರಿಯುವ ಕ್ರಮ

ಊರಿನ ಸ್ಥಿತಿಗತಿಗಳನ್ನು ತಿಳಿಯಲು ಬರುವ ಅಧಿಕಾರಿಗಳು ಮೊದಲು ಕಾಣುವುದು ಗ್ರಾಮದ ಮುಖಂಡರನ್ನು. ಮುಖಂಡರು ಹೇಳುವುದು ಸತ್ಯವೇ ಆಗಿದ್ದರೂ ಅದು ಇಡೀ ಊರಿನ ಸತ್ಯವಾಗಿರುವುದಿಲ್ಲ. ಮಳೆ ಹೋದರೆ ಜಮೀನುದಾರನಿಗೆ ಬೆಳೆಯ ನಷ್ಟ. ಕೂಲಿಗಾರನಿಗೆ ಕೆಲಸದ ನಷ್ಟ. ಕುರಿ ಕಾಯುವವನಿಗೆ ಮೇವಿನ ನಷ್ಟ. ನೀರು ಹೊರುವ ಹೆಂಗಸಿಗೆ ಇನ್ನಷ್ಟು ದೂರದ ನಡಿಗೆ. ಆದಕಾರಣ ಒಬ್ಬರನ್ನೇ ಕೇಳಿ ಊರನ್ನು ಅರಿತೆವೆಂದು ಭಾವಿಸತಕ್ಕದ್ದಲ್ಲ.

ರಾಬರ್ಟ್ ಚೇಂಬರ್ಸ್ ಎಂಬ ಆಂಗ್ಲ ವಿದ್ವಾಂಸರು ೧೯೮೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ದೋಷವನ್ನು ವಿವರಿಸಿದರು. ಹೊರಗಿನವರು ರಸ್ತೆಯ ಬದಿಯ ಊರುಗಳನ್ನು, ಒಣ ಹವೆಯ ಕಾಲದಲ್ಲಿ, ಗಂಡಸರನ್ನೂ ಅನುಕೂಲಸ್ಥರನ್ನೂ ಮಾತ್ರ ಕಂಡು ಹಿಂದಿರುಗುವರೆಂಬುದು ಅವರ ಅಭಿಪ್ರಾಯ. ೧೯೮೦ರ ದಶಕದ ಕೊನೆಯಲ್ಲಿ ಗುಜರಾತಿನಲ್ಲಿಯೂ, ಕರ್ನಾಟಕದಲ್ಲಿ ಮೈರಾಡ ಸಂಸ್ಥೆಯವರ ಕಾರ್ಯಕ್ಷೇತ್ರಗಳಲ್ಲಿಯೂ ಗ್ರಾಮಸ್ಥರೇ ತಮ್ಮ ಊರನ್ನು ಪರಿಶೀಲಿಸುವ ಪದ್ಧತಿಯು ಬೆಳೆಯಿತು. ಅದರ ಕ್ರಮವು ಈ ರೀತಿಯಾಗಿದೆ.

೧. ಗುಂಪುಗಳು: ಸಣ್ಣ ಹಿಡುವಳಿದಾರರು, ಕೂಲಿಗಾರರು, ಕಸುಬುದಾರರು, ಹೆಂಗಸರು ಹೀಗೆ ಜೀವನೋಪಾಯವನ್ನನುಸರಿಸಿ ಗುಂಪುಗಳನ್ನು ಬೇರೆಬೇರೆಯಾಗಿ ಕೂಡಿಸತಕ್ಕದ್ದು. ಒಂದು ಗುಂಪಿನಲ್ಲಿ ಆರರಿಂದ ಹನ್ನೆರಡು ಮಂದಿ ಸಾಕು. ಊರಾಚೆಯ ಕೇರಿಯವರನ್ನು ಅವರ ಕೇರಿಯಲ್ಲಿಯೇ ಕಾಣುವುದು ಉಚಿತ. ಹೊತ್ತನ್ನು ಆಯಾ ಗುಂಪಿನವರೇ ಗೊತ್ತುಮಾಡಲಿ. ಕೂಲಿಯ ದಿನವು ವ್ಯರ್ಥವಾಗಬಾರದು.

೨. ಸಾಧನಗಳು: ರಂಗೋಲಿಪುಡಿಯಿಂದ ನೆಲದ ಮೇಲೆ ಊರಿನ ನಕ್ಷೆಯನ್ನು ಬರೆಯಿಸಿ, ಕೆರೆ, ಬಾವಿ, ಗೋಮಾಳ, ಮನೆಗಳನ್ನು ಗುರುತಿಸುವುದು. ಬಳಿಕ ಚೈತ್ರದಿಂದ ಫಾಲ್ಗುಣದ ವರೆಗೆ ಹನ್ನೆರಡು ಮನೆಗಳನ್ನು ಗೀಚಿ, ಕೆಲಸ ಹೆಚ್ಚಾಗಿರುವ ತಿಂಗಳಿಗೆ ಹೆಚ್ಚು ಹುಣಿಸೆಬೀಜ, ಕಡಮೆಯಿರುವ ತಿಂಗಳಿಗೆ ಕಡಮೆ ಬೀಜ ಇಡಿಸುವುದು. ಸಾಲಕ್ಕೂ ರೋಗಕ್ಕೂ ಮನೆಯ ಧಾನ್ಯಕ್ಕೂ ಇದೇ ಕ್ರಮ. ಓದು ಬಾರದವರೂ ಇದರಲ್ಲಿ ಸಮಾನರಾಗಿ ಸೇರಬಲ್ಲರು. ಇಟ್ಟ ಬೀಜವನ್ನು ಚರ್ಚೆಯ ಬಳಿಕ ಬದಲಾಯಿಸಲೂ ಬಹುದು.

ರಾಗಿ ಬೆಳೆಯುವ ಒಂದು ಊರನ್ನು ಭಾವಿಸೋಣ. ಅನುಕೂಲಸ್ಥ ರೈತರು ಬೇಸಗೆಯೇ ಕಷ್ಟಕಾಲವೆಂದು ಹೇಳಬಹುದು. ಕೂಲಿಗಾರರ ಬೀಜಗಳಾದರೋ ಕೊಯ್ಲಿಗೆ ಮುಂಚಿನ ತಿಂಗಳುಗಳ ಮೇಲೆ ರಾಶಿಯಾಗಬಹುದು; ಆಗ ಮಡಕೆಯ ಧಾನ್ಯ ಮುಗಿದು, ಮಳೆಗಾಲದ ಜ್ವರವೂ ಕೈಸಾಲವೂ ಒಟ್ಟಿಗೆ ಬರುವುವು. ಹೊಲವು ಹಸುರಾಗಿ ಕಾಣುವಾಗಲೇ ಒಲೆಯು ತಣ್ಣಗಿರುವುದೆಂಬುದು ದಾರಿಹೋಕನ ಕಣ್ಣಿಗೆ ಬೀಳುವುದಿಲ್ಲ.

೩. ಮುಖಂಡರ ಕರ್ತವ್ಯ: ಇದೇ ಅತ್ಯಂತ ಕಠಿಣವಾದುದು. ಸಾಲ ಕೊಟ್ಟವನೆದುರಿಗೆ ಸಾಲಗಾರನು ಬಡ್ಡಿಯ ಮಾತನ್ನಾಡಲಾರನು. ಕೂಲಿ ಕೊಡುವವನೆದುರಿಗೆ ಕೂಲಿಯು ಸಾಲದೆಂದು ಹೇಳಲಾರನು. ಆದುದರಿಂದ ಮುಖಂಡರು ಸಭೆಯನ್ನು ಕೂಡಿಸಿ, ಆಡಿದ ಮಾತಿನಿಂದ ಯಾರಿಗೂ ಕೇಡಾಗದೆಂದು ಭರವಸೆಯಿತ್ತು, ತಾವು ಅಲ್ಲಿಂದ ಏಳತಕ್ಕದ್ದು. ಯಾರು ಏನೆಂದರೆಂದು ಆಮೇಲೆ ವಿಚಾರಿಸತಕ್ಕದ್ದೂ ಅಲ್ಲ. ಈ ಭರವಸೆಯು ಒಮ್ಮೆ ಮುರಿದರೆ ಮುಂದಿನ ಸಭೆಯಲ್ಲಿ ಎಲ್ಲರೂ ಕ್ಷೇಮವೆಂದೇ ಹೇಳುವರು. ಊರಿನ ಕಷ್ಟವು ತಿಳಿಯುವುದೇ ಇಲ್ಲ.

೪. ಎಚ್ಚರಿಕೆಗಳು: ಗುಂಪಿನಲ್ಲಿಯೂ ಒಬ್ಬನೇ ಮಾತನಾಡಿ ಉಳಿದವರು ತಲೆದೂಗುವುದುಂಟು, ಮೌನವಾಗಿರುವವರ ಕೈಗೆ ಬೀಜಗಳನ್ನು ಕೊಟ್ಟು ಅವರನ್ನು ಕೇಳಬೇಕು. ಮನೆಯ ಗುಟ್ಟುಗಳನ್ನು ಹತ್ತು ಜನರೆದುರಿಗೆ ಕೆದಕಬಾರದು. ಸಮಾಲೋಚನೆಯು ಜನಗಣತಿಯಲ್ಲವಾದುದರಿಂದ, ಹೇಳಿದ್ದನ್ನು ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಕಣ್ಣಾರೆ ನೋಡಬೇಕು. ಎರಡು ಗುಂಪುಗಳ ಮಾತು ಭಿನ್ನವಾದರೆ ಒಂದನ್ನು ಸುಳ್ಳೆಂದು ತಳ್ಳದೆ ಕಾರಣವನ್ನು ಹುಡುಕಬೇಕು.

ಕೊನೆಯಲ್ಲಿ, ಹೇಳಿದವರ ಹೆಸರನ್ನೆತ್ತದೆ ಫಲಿತಾಂಶವನ್ನು ಗ್ರಾಮಸಭೆಯ ಮುಂದೆ ಓದತಕ್ಕದ್ದು. ೧೯೯೩ರಲ್ಲಿ ಜಾರಿಗೆ ಬಂದ ಸಂವಿಧಾನದ ೭೩ನೆಯ ತಿದ್ದುಪಡಿಯು ಈ ಸಭೆಗೆ ಸಂವಿಧಾನದಲ್ಲಿಯೇ ಸ್ಥಾನವನ್ನು ಕೊಟ್ಟಿದೆ. ಬಾವಿಯು ಯಾವ ಕೇರಿಗೆ ಬೇಕು, ಕಾಮಗಾರಿಯು ಯಾವ ತಿಂಗಳಲ್ಲಿ ನಡೆದರೆ ಕೂಲಿಯವರಿಗೆ ಅನ್ನವಾಗುವುದು ಎಂಬುದನ್ನು ಅಲ್ಲಿ ತೀರ್ಮಾನಿಸಬಹುದು. ಕೇಳಿದ ಮಾತಿಗೆ ತಕ್ಕ ಕೆಲಸವು ಒಂದಾದರೂ ನಡೆದರೆ, ಮುಂದಿನ ಸಭೆಗೆ ಜನರು ಕರೆಯದೆಯೇ ಬರುವರು.