ಟೀಕೆಯ ನಡುವೆ ಪ್ರಾರ್ಥನೆ

ಸಭೆಯವರ ಟೀಕೆ ಕೇಳಿದ ಮೇಲೆ ಪ್ರಾರ್ಥಿಸಲು ಕೂತರೂ ಮಾತೇ ಹೊರಡುತ್ತಿಲ್ಲ ಎಂದು ಬರೆದಿದ್ದೀರಿ. ಬೈಬಲಿನ ನೆಹೆಮೀಯನ ಪುಸ್ತಕದ 4 ಮತ್ತು 5ನೇ ಅಧ್ಯಾಯಗಳನ್ನು ಒಟ್ಟಿಗೆ ಓದಿ. ಸಾಮಾನ್ಯವಾಗಿ ನಾವು ನಾಲ್ಕಕ್ಕೇ ನಿಲ್ಲಿಸಿಬಿಡುತ್ತೇವೆ. ನೆಹೆಮೀಯ ಯೆರೂಸಲೇಮಿನ ಗೋಡೆ ಕಟ್ಟಿಸುವಾಗ, ನರಿ ಹತ್ತಿದರೂ ಇದು ಕುಸಿಯುತ್ತದೆಂದು ವಿರೋಧಿಯಾದ ಟೋಬೀಯ ಅಣಕಿಸಿದ. ನೆಹೆಮೀಯ ಅವನೊಂದಿಗೆ ವಾದಕ್ಕಿಳಿಯಲಿಲ್ಲ. ನೋವನ್ನು ಸಿಟ್ಟಿನ ಸಮೇತ ದೇವರ ಮುಂದಿಟ್ಟು ಕೆಲಸಕ್ಕೆ ಮರಳಿದ. ವಿರೋಧಿಗಳ ದಾಳಿಯ ಸಂಚು ತಿಳಿದಾಗ ಪ್ರಾರ್ಥಿಸಿದ್ದೂ ಉಂಟು, ಹಗಲಿರುಳು ಕಾವಲು ಹಾಕಿದ್ದೂ ಉಂಟು. ಮನಸ್ಸು ಶಾಂತವಾದ ಮೇಲಷ್ಟೇ ಭರವಸೆಯಿಂದ ಪ್ರಾರ್ಥಿಸಬೇಕೆಂಬ ನಿಯಮವೇನೂ ಇಲ್ಲ ಎಂಬುದಕ್ಕೆ ಇದು ಸಾಕ್ಷಿ.

‘ಹಾಗಾದರೆ ಟೀಕಿಸುವವರೆಲ್ಲ ವೈರಿಗಳೇ? ವಚನ ಹಿಡಿದು ಕಿವಿ ಮುಚ್ಚಿಕೊಳ್ಳುವುದು ನಂಬಿಕೆಯೇ?’ ಎಂದು ನೀವು ಕೇಳಬಹುದು. ಐದನೇ ಅಧ್ಯಾಯ ಓದಬೇಕಾದದ್ದು ಇದಕ್ಕೇ. ಹೊಲ, ದ್ರಾಕ್ಷಿತೋಟ ಒತ್ತೆಯಿಟ್ಟು, ಮಕ್ಕಳನ್ನು ಜೀತಕ್ಕೆ ಬಿಟ್ಟ ಬಡವರು ದೂರಿದಾಗ ಅದೇ ನೆಹೆಮೀಯ ಕಿವಿಗೊಟ್ಟ, ಯೋಚಿಸಿದ, ಸಾಲ ಕೊಟ್ಟವರಲ್ಲಿ ತಾನೂ ಒಬ್ಬನೆಂದು ಹೇಳಿ ಬಡ್ಡಿ ಬಿಡಿಸಿದ. ಕೆಲಸ ಕೆಡಿಸಲೆಂದೇ ಆಡಿದ ಮಾತು ಬೇರೆ, ಅನ್ಯಾಯ ತೋರಿಸುವ ಮಾತು ಬೇರೆ. ಗ್ರಂಥವನ್ನು ಬರೀ ಗುರಾಣಿ ಮಾಡಿಕೊಂಡವರಿಗೆ ಈ ಭೇದ ಕಾಣದು. ನಿಮ್ಮ ಮೇಲಿನ ಟೀಕೆಯಲ್ಲಿ ನಿಜವಿದ್ದರೆ ಮೊದಲು ತಿದ್ದಿಕೊಳ್ಳಿ. ಇಲ್ಲದಿದ್ದರೆ ಉತ್ತರ ಕೊಡುವ ಗೋಜಿಗೆ ಹೋಗದೆ, ಇವತ್ತೇ ಪ್ರಾರ್ಥಿಸಿ ಕೆಲಸ ಮುಂದುವರಿಸಿ.